ಮಂಜುಗಡ್ಡೆಯ ಮೇಲೆ ಎರಡನೇ ಗೇರು

ನಮ್ಮವರು ತೀರಿಕೊಂಡ ಮೇಲೂ ಅವರ ಫೋನನ್ನು ನಾನು ಚಾರ್ಜಿಗೆ ಹಾಕುತ್ತಲೇ ಇದ್ದೆ. ನನ್ನ ಫೋನು ಸಿಕ್ಕಿಸುವಾಗ ಪಕ್ಕದಲ್ಲಿ ಅದನ್ನೂ ಸಿಕ್ಕಿಸುತ್ತಿದ್ದೆ, ಅಷ್ಟೆ. ಜನವರಿಯ ಒಂದು ಸಂಜೆ ಅದು ಟಿಂಗ್ ಅಂದಿತು. ಅವರ ಕಾರ್ ಕ್ಲಬ್ಬಿನ ಗ್ರೂಪಿಗೆ ಬಂದ ಮೆಸೇಜು. "ಶನಿವಾರ ರಾತ್ರಿ ಚಳಿ ಮೈನಸ್ಸಿಗೆ ಇಳಿಯುತ್ತೆ. ರನ್‌ವೇಗೆ ನೀರು ಬಿಡ್ತೀವಿ. ಭಾನುವಾರ ಬೆಳಿಗ್ಗೆ ಎಲ್ಲರೂ ಬನ್ನಿ."

ಐರ್ಲೆಂಡಿನಲ್ಲಿ ಮಳೆಗೇನೂ ಬರ ಇಲ್ಲ, ಆದರೆ ಗಟ್ಟಿಯಾದ ಚಳಿ ಅಪರೂಪ. ಈ ಕ್ಲಬ್ಬಿನವರು ಇಡೀ ಚಳಿಗಾಲ ಅಂಥ ಒಂದು ರಾತ್ರಿಗೆ ಕಾಯುತ್ತಾರೆ. ಅವರಲ್ಲೊಬ್ಬ ಹೆಂಗಸು ರೈತೆ. ಅವಳ ಜಮೀನಿನಲ್ಲಿ ಯಾವ ಕಾಲದ್ದೋ ಪುಟ್ಟ ವಿಮಾನಗಳ ಕಾಂಕ್ರೀಟ್ ರನ್‌ವೇ ಇದೆ. ಸಂಜೆ ಅದರ ಮೇಲೆ ನೀರು ಹೊಯ್ದರೆ ಬೆಳಗಾಗುವಷ್ಟರಲ್ಲಿ ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಜಾರುವ ಕಾರನ್ನು ಹಿಡಿತಕ್ಕೆ ತರುವುದನ್ನು ಅಲ್ಲಿ ಕಲಿಯುತ್ತಾರೆ. ನಮ್ಮವರು ತಪ್ಪದೆ ಹೋಗುತ್ತಿದ್ದರು. ಮೂಗು ಕೆಂಪಗೆ ಮಾಡಿಕೊಂಡು ವಾಪಸ್ ಬಂದು, "ಐಸ್ ಮೇಲೆ ನನ್ನನ್ನ ಮೀರಿಸೋರು ಅಲ್ಲಿ ಯಾರೂ ಇಲ್ಲ ಕಣೇ" ಅನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕುಸಿದವರು ಮತ್ತೆ ಏಳಲಿಲ್ಲ. ಕಿಲ್ಕೆನ್ನಿಯ ನಮ್ಮ ಕನ್ನಡದ ಮನೆಗಳವರು ಸರದಿಯ ಮೇಲೆ ಅಡುಗೆ ಮಾಡಿ ತಂದುಕೊಟ್ಟರು. "ಅಳು ಬಂದ್ರೆ ಅತ್ತುಬಿಡು, ಒಳಗಿಟ್ಕೋಬೇಡ" ಅಂತ ಎಲ್ಲರೂ ಹೇಳಿದರು. ಒಳಗೆ ಇಟ್ಟುಕೊಳ್ಳಲಿಕ್ಕೂ ಏನೂ ಇರಲಿಲ್ಲ ಅನ್ನುವುದನ್ನು ಅವರಿಗೆ ಹೇಗೆ ಹೇಳಲಿ? ಎರಡು ವಾರ ಕಳೆದು ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋದೆ. ರಕ್ತದ ಟ್ಯೂಬುಗಳು ಬರುತ್ತಿದ್ದವು, ರಿಪೋರ್ಟುಗಳು ಹೋಗುತ್ತಿದ್ದವು. ಒಂದು ದಿನ ಕೋಟು ಹಾಕಿಕೊಳ್ಳದೆ ಬಸ್ ಸ್ಟಾಪಿನಲ್ಲಿ ನಿಂತುಬಿಟ್ಟಿದ್ದೆ. ಮಗಳು ಕೋಟು ಹಿಡಿದು ಓಡಿಬಂದು ತೊಡಿಸಿದಳು. ಹದಿಮೂರು ವರ್ಷದವಳು ಗುಂಡಿ ಹಾಕುತ್ತಿದ್ದರೆ ನಾನು ಮಗುವಿನ ಹಾಗೆ ಕೈ ಎತ್ತಿ ನಿಂತಿದ್ದೆ. ಚಳಿ ನನಗೆ ಗೊತ್ತೇ ಆಗಿರಲಿಲ್ಲ.

ಮೆಸೇಜು ಬಂದು ಸ್ವಲ್ಪ ಹೊತ್ತಿಗೆ ನನ್ನ ಫೋನೇ ರಿಂಗಾಯಿತು. ಕ್ಲಬ್ಬಿನ ಹಿರಿಯರು, ಕಿಲ್ಕೆನ್ನಿಯಲ್ಲೇ ಹಲ್ಲಿನ ಡಾಕ್ಟರು. ಅಂತ್ಯಕ್ರಿಯೆಗೂ ಬಂದಿದ್ದರು.

"ಕ್ಷಮಿಸಿ, ಆ ಮೆಸೇಜು ನಿಮ್ಮನೆಗೂ ಬಂದಿರುತ್ತೆ ಅಂತ ಈಗ ಹೊಳೀತು. ಅವನ ನಂಬರು ಗ್ರೂಪಿನಿಂದ ತೆಗೆಯೋಕೆ ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ."

"ಪರವಾಗಿಲ್ಲ," ಅಂದೆ. ಆಮೇಲೆ ನನಗೇ ಗೊತ್ತಿಲ್ಲದ ಹಾಗೆ, "ನಾನು ಬರಬಹುದಾ?" ಅಂದೆ.

"ನಿಮಗೆ ಡ್ರೈವಿಂಗ್ ಬರುತ್ತಾ?"

"ಲರ್ನರ್ ಪರ್ಮಿಟ್ ಇದೆ. ಸರಿಯಾಗಿ ಬರಲ್ಲ."

"ಹಾಗಾದ್ರೆ ನಾನೇ ಬಂದು ಅವನ ಕಾರಲ್ಲೇ ಕರ್ಕೊಂಡು ಹೋಗ್ತೀನಿ," ಅಂದರು.

ಮಗಳಿಗೆ ಹೇಳಿದೆ. "ಆರ್ ಯು ಸೀರಿಯಸ್, ಅಮ್ಮಾ?" ಅಂದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯವರ ರಾಗದ ಇಂಗ್ಲಿಷಿನಲ್ಲೇ. ನಾನು ತಲೆಯಾಡಿಸಿದ ಮೇಲೆ ತನ್ನ ಬೂಟು ಹುಡುಕಲು ಹೋದಳು.

ಭಾನುವಾರ ನಾವು ತಲುಪಿದಾಗ ಸೂರ್ಯ ಬೇಲಿಗಿಂತ ತುಸು ಮೇಲಿದ್ದ. ಹುಲ್ಲೆಲ್ಲ ಬೆಳ್ಳಗೆ. ಸಗಣಿ ಗೊಬ್ಬರ ಚೆಲ್ಲುವ ಟ್ಯಾಂಕರನ್ನು ತೊಳೆದು, ಅದರಲ್ಲೇ ರನ್‌ವೇಗೆ ನೀರು ಹೊಯ್ದಿದ್ದಳಂತೆ ರೈತೆ. "ಚೆನ್ನಾಗೇ ತೊಳೆದಿದ್ದೀನಿ, ಆದ್ರೂ ಬಿದ್ದರೆ ಬಾಯಿ ಮುಚ್ಕೊಂಡು ಬೀಳಿ," ಅಂದಳು. ಎಲ್ಲರೂ ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. ರನ್‌ವೇಯ ಎರಡೂ ಅಂಚಿಗೆ ಕರಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ದೊಡ್ಡ ದೊಡ್ಡ ಉರುಳೆಗಳನ್ನು ಸಾಲಾಗಿ ಇಟ್ಟಿದ್ದರು. ಕಾರು ಜಾರಿಹೋದರೆ ತಡೆಯಲಿ ಅಂತ.

ನನ್ನ ಸರದಿ ಬಂತು. ಡಾಕ್ಟರು ಪಕ್ಕದ ಸೀಟಿನಲ್ಲಿ ಕೂತರು. ಅವರ ಮಾತೆಲ್ಲ ರೋಗಿಯ ಬಾಯಿ ತೆರೆಸಿ ಕೂರಿಸಿಕೊಂಡವರ ಹಾಗೆ. "ಈಗ ನಿಧಾನಕ್ಕೆ ಎರಡನೇ ಗೇರಿಗೆ ಬನ್ನಿ. ಬ್ರೇಕ್ ಮುಟ್ಟಬೇಡಿ. ಆ ತುದೀಲಿ ಸ್ವಲ್ಪ ಎಡಕ್ಕೆ ತಿರುಗಿಸಿ. ಒಂಚೂರು ಎಳೆದ ಹಾಗಾಗುತ್ತೆ, ಅಷ್ಟೆ."

ತಿರುಗಿಸಿದೆ. ಹಿಂದಿನ ಚಕ್ರಗಳು ಹಿಡಿತ ಬಿಟ್ಟವು. ಬೇಲಿ, ಟ್ಯಾಂಕರು, ಕೊಡೆಯಂಥ ಒಂಟಿ ಮರ, ಸಾಲಾಗಿ ನಿಂತ ಜನ, ಎಲ್ಲವೂ ಗಾಜಿನ ಮುಂದೆ ಸರಸರ ಹಾದುಹೋದವು. ದೊಪ್ ಅಂತ ಹುಲ್ಲಿನ ಉರುಳೆಗೆ ಒರಗಿ ನಿಂತೆವು. ನನ್ನ ಉಸಿರು ಸಹ ಏರಿರಲಿಲ್ಲ.

"ಸಾಮಾನ್ಯವಾಗಿ ಇಲ್ಲಿ ಎಲ್ಲರೂ ಕಿರುಚ್ತಾರೆ. ನಿಮಗೆ ಭಯ ಆಗಲಿಲ್ವಾ?"

"ಇಲ್ಲ."

ಇನ್ನೊಮ್ಮೆ ಹೋದೆವು. ಮತ್ತೆ ದೊಪ್. ಮತ್ತೊಮ್ಮೆ. ಡಾಕ್ಟರು ಎಂಜಿನ್ ಆಫ್ ಮಾಡಿಸಿದರು. "ಭಯ ಇಲ್ಲದವರಿಗೆ ಕಲಿಸೋದು ಕಷ್ಟ. ಕಾರು ಜಾರೋದು ಮೊದಲು ಗೊತ್ತಾಗೋದು ಮೈಗೆ. ಸೀಟಿನಲ್ಲಿ, ಸೊಂಟದಲ್ಲಿ. ನಿಮಗೇನೂ ಅನ್ನಿಸ್ತಿಲ್ವಾ?"

"ನನಗೆ ಏನೂ ಅನ್ನಿಸಲ್ಲ," ಅಂದೆ. "ಅಕ್ಟೋಬರಿನಿಂದ ಹೀಗೇ."

ಅವರು ಸಮಾಧಾನದ ಮಾತು ಆಡಲಿಲ್ಲ. ಅದಕ್ಕೆ ನಾನು ಈಗಲೂ ಋಣಿ. ಗ್ಲೌಸು ತೆಗೆದು ಮತ್ತೆ ಹಾಕಿಕೊಂಡರು. "ಸರಿ. ಕಿವಿ ಕೇಳಿಸುತ್ತಲ್ಲ? ಕಿವಿಯಿಂದ ಓಡಿಸಿ. ಟೈರು ನೆಲ ಹಿಡಿದಿರೋವರೆಗೂ ಕರಕರ ಅಂತಿರುತ್ತೆ. ಸದ್ದು ನಿಂತುಹೋದ್ರೆ ನೀವು ಜಾರ್ತಿದ್ದೀರಿ ಅಂತ ಅರ್ಥ. ಆಗ ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೇ ಸ್ಟೇರಿಂಗ್ ಹಿಡಿದು, ಸದ್ದು ವಾಪಸ್ ಬರೋವರೆಗೂ ಕಾಯಿರಿ."

ಕಿಟಕಿ ಇಳಿಸಿ ಹೊರಟೆ. ಕರಕರ, ಕರಕರ. ತಿರುವಿನಲ್ಲಿ ಸದ್ದು ಸಟ್ಟನೆ ಮಾಯ. ಕಾಲು ತೆಗೆದೆ. ಕಾರು ಓರೆಯಾಗಿ ತೇಲುತ್ತಿತ್ತು. ಆಮೇಲೆ ಎಲ್ಲೋ ಕೆಳಗಿನಿಂದ ಮೆಲ್ಲಗೆ ಕರ್ರ್ ಅಂತ ಶುರುವಾಯಿತು. ಕಾರಿನ ಮೂತಿ ನೆಟ್ಟಗಾಯಿತು. ಹುಲ್ಲಿನ ಉರುಳೆ ಒಂದು ಮೊಳ ದೂರದಲ್ಲಿ ಹಾದುಹೋಯಿತು.

"ಗ್ರ್ಯಾಂಡ್," ಅಂದರು ಡಾಕ್ಟರು. ಸರಿಯಾಯಿತು ಅನ್ನುವುದಕ್ಕೆ ಇಲ್ಲಿಯವರ ಮಾತು ಅದು.

ಮಧ್ಯಾಹ್ನದವರೆಗೂ ಅದನ್ನೇ ಮಾಡಿದೆ. ಖುಷಿ ಆಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಒಂದೇ ಒಂದು ಕೆಲಸ ಇತ್ತು, ಕೇಳಿಸಿಕೊಳ್ಳುವುದು. ಅದನ್ನು ನಾನು ಮಾಡಬಲ್ಲವಳಾಗಿದ್ದೆ.

ಟೀ ಹೊತ್ತಿಗೆ ರೈತೆ ಫ್ಲಾಸ್ಕು, ಮೊಟ್ಟೆ-ಈರುಳ್ಳಿ ಸ್ಯಾಂಡ್‌ವಿಚ್ಚು ತಂದಳು. ನನ್ನ ಪಕ್ಕ ಕೂತು, "ನೀವು ಆಗ್ಲೇ ಅವನಿಗಿಂತ ಚೆನ್ನಾಗಿ ಓಡಿಸ್ತೀರಿ," ಅಂದಳು.

"ಅವರು ಇಲ್ಲಿ ಎಲ್ಲರಿಗಿಂತ ಮುಂದೆ ಅಂತಿದ್ದರು," ಅಂದೆ.

ರೈತೆ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಟೀ ಕಪ್ಪಿನೊಳಗೆ ನೋಡಿದರು. ರೈತೆಗೆ ತಡೆಯಲಾಗಲಿಲ್ಲ. "ಅಯ್ಯೋ ತಾಯಿ, ಅವನಷ್ಟು ಕೆಟ್ಟದಾಗಿ ಓಡಿಸೋನನ್ನ ನಾನು ನೋಡೇ ಇಲ್ಲ! ಪ್ರತಿ ವರ್ಷ ಅದೇ ತಿರುವಲ್ಲಿ ಜಾರಿ ಅದೇ ಉರುಳೆಗೆ ಗುದ್ದೋನು. ಇಳಿದು ಬಂದು ಉರುಳೆಗೆ ಕ್ಷಮೆ ಕೇಳಿ, ಕಾಂಕ್ರೀಟ್ ಮೇಲೇ ಕೂತು ಬಿದ್ದುಬಿದ್ದು ನಗೋನು. ಅವನನ್ನ ನೋಡಿ ನಮಗೂ ಹೊಟ್ಟೆ ನೋವು ಬರೋವರೆಗೂ ನಗು."

ಮೊದಲು ನಕ್ಕಿದ್ದು ನನ್ನ ಮಗಳು. ಬಾಯಲ್ಲಿದ್ದ ಟೀ ಚೆಲ್ಲುವಷ್ಟು ನಕ್ಕಳು. "ಅಪ್ಪ ಸುಳ್ಳು ಹೇಳಿದ್ರು!" ಅಂದಳು, ಕನ್ನಡದಲ್ಲೇ. ನಗುತ್ತಾ ನಗುತ್ತಾ ಅವಳ ಮುಖ ಮುದುಡಿತು. ಎದ್ದು ಬಂದು ನನ್ನ ಕೋಟಿನಲ್ಲಿ ಮುಖ ಹುದುಗಿಸಿದಳು. ನಾನು ಅವಳ ಬೆನ್ನು ಸವರುತ್ತಾ ಕೂತೆ. ನನ್ನ ಕಣ್ಣು ಒಣಗಿಯೇ ಇತ್ತು.

ಮನೆಯಲ್ಲಿ ಕೇರಂ ಆಟದಲ್ಲಿ ಸೋತರೂ ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದ ಮನುಷ್ಯ. ಸೋತು ನೆಲದಲ್ಲಿ ಕೂತು ನಗುವ ಈ ಇನ್ನೊಬ್ಬನನ್ನು ನಾನು ನೋಡಿಯೇ ಇರಲಿಲ್ಲ. ಇವರೆಲ್ಲ ನೋಡಿದ್ದರು. ಹೊಟ್ಟೆಕಿಚ್ಚೋ ಸಿಟ್ಟೋ, ಎದೆಯ ಕೆಳಗೆ ಸಣ್ಣದೊಂದು ಮುಳ್ಳು ಆಡಿದ ಹಾಗಾಯಿತು. ತಕ್ಷಣವೇ ಹೋಯಿತು. ಆದರೆ ಬಂದಿತ್ತು, ಅದು ನನಗೆ ಗೊತ್ತು.

ಆ ದಿನದಿಂದ ಎಲ್ಲ ಸರಿಹೋಯಿತು ಅಂತ ಯಾರಾದರೂ ಅಂದುಕೊಂಡರೆ, ಇಲ್ಲ. ಆ ಚಳಿಗಾಲ ಪೂರ್ತಿ ನಾನು ಹಾಗೇ ಇದ್ದೆ. ಭಾನುವಾರಗಳಲ್ಲಿ ಡಾಕ್ಟರು ಬಂದು ಹಳ್ಳಿರಸ್ತೆಗಳಲ್ಲಿ ಓಡಿಸಲು ಕಲಿಸಿದರು. ವಸಂತದಲ್ಲಿ ಟೆಸ್ಟ್ ಪಾಸಾದೆ. ಮರುದಿನ ಮಗಳನ್ನು ಕೂರಿಸಿಕೊಂಡು ಸಮುದ್ರದ ತನಕ ಹೋದೆ. ಮಳೆ ಬರುತ್ತಿತ್ತು, ಇಳಿಯಲಿಲ್ಲ. ಕಾರಿನಲ್ಲೇ ಕೂತು ಬಿಸಿಬಿಸಿ ಚಿಪ್ಸ್ ತಿಂದೆವು. ಕಿಟಕಿಗಳಿಗೆಲ್ಲ ಆವಿ ಕಟ್ಟಿತು.

"ನೀನು ತುಂಬ ಸ್ಲೋ ಓಡಿಸ್ತೀಯ ಅಮ್ಮಾ," ಅಂದಳು.

"ಹೌದು," ಅಂದೆ. "ಇನ್ನೊಂದು ಸ್ವಲ್ಪ ಹೊತ್ತು ಇರೋಣ್ವಾ?"

ಅವಳು ಸೀಟು ಹಿಂದಕ್ಕೆ ಒರಗಿಸಿ, ಕಾಲು ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.