ಎತ್ತರದ ಜಗಲಿ

ಅಶೋಕಪುರಂನ ಆ ಬೀದಿಯಲ್ಲಿ ಗಾರೆ ಕೆಲಸದ ಜವರಯ್ಯನ ಮನೆ ಯಾವುದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾಲಿನ ಮನೆಗಳೆಲ್ಲ ಮೊಣಕಾಲೆತ್ತರದ ಜಗಲಿಯಲ್ಲೇ ತೃಪ್ತಿಪಟ್ಟುಕೊಂಡಿದ್ದರೆ ಇವನದು ಆಳಿನ ಎದೆಮಟ್ಟಕ್ಕೆ ಎದ್ದು ನಿಂತಿತ್ತು. ಕಡಿದಾದ ಕಲ್ಲಿನ ಮೆಟ್ಟಿಲು, ಕನ್ನಡಿಯಂತೆ ತಿಕ್ಕಿದ ಗಾರೆ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ. ಒಳಗಿದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ಮನೆಗಿಂತ ಜಗಲಿಯೇ ದೊಡ್ಡದಾಯಿತಲ್ಲ ಎಂದು ನಕ್ಕವರ ಜೊತೆ ಜವರಯ್ಯ ಮೀಸೆಯ ಅಡಿಯಲ್ಲಿ ತಾನೂ ನಗುತ್ತಿದ್ದ.

ಆ ನಗುವಿನ ಹಿಂದಿನ ಕತೆ ಗೊತ್ತಿದ್ದವಳು ಅವನ ಹೆಂಡತಿ ದೇವಿರಮ್ಮ. ಮಂಡಕಳ್ಳಿಯಿಂದಾಚೆ ಎಲ್ಲೋ ಇದ್ದ ಅವರ ಹಳ್ಳಿಯಲ್ಲಿ ಕೇರಿಯವರು ಮನೆ ಮುಂದೆ ಜಗಲಿ ಕಟ್ಟುವಂತಿರಲಿಲ್ಲ. ಜವರಯ್ಯನ ಅಪ್ಪ ಒಂದು ಸುಗ್ಗಿಯಲ್ಲಿ ಧೈರ್ಯ ಮಾಡಿ ಗೇಣೆತ್ತರಕ್ಕೆ ಮಣ್ಣಿನ ಜಗಲಿ ಹಾಕಿಕೊಂಡ. ಊರೊಳಗಿನವರು ಬಂದು ಹಾರೆಯಲ್ಲಿ ಮೀಟಿ ಒಡೆದರು, ಒಡೆದ ಮಣ್ಣನ್ನು ಅವನ ತಲೆಯ ಮೇಲೇ ಹೊರಿಸಿದರು. ಎಳೆಯ ಜವರಯ್ಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದ. ಮುಂದೆ ಮೈಸೂರಿಗೆ ಬಂದು ಕೆಲಸ ಕಲಿತು, ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದಿಂದ ಸೈಟು ಸಿಕ್ಕಿ, ತೊಲೆಗೂ ಹೆಂಚಿಗೂ ನೆರವು ದೊರೆತಾಗ ಅವನು ಮೊದಲು ನೂಲು ಹಿಡಿದದ್ದು ಗೋಡೆಗಲ್ಲ, ಜಗಲಿಗೆ. ಅಂಥವನ ಮುಂದೆ ಜಗಲಿ ಎತ್ತರವಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಕಾಲು ಗಟ್ಟಿಯಿದ್ದಾಗ ಅವಳಿಗೆ ಆ ಮೆಟ್ಟಿಲು ಲೆಕ್ಕಕ್ಕೇ ಇರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಸೊಪ್ಪಿನ ಕುಕ್ಕೆ ಹೊತ್ತು ಮಾರ್ಕೆಟ್ಟಿಗೆ ಹೊರಟರೆ ಹಿಂತಿರುಗುವುದು ಹೊತ್ತು ನೆತ್ತಿಯಿಂದ ಇಳಿದ ಮೇಲೆಯೇ. ಕೀರೆ, ದಂಟು, ಸಬ್ಬಸಿಗೆ, ಜೊತೆಗೆ ಕಟ್ಟಿಗೊಂದು ಮಾತು. ಅಗ್ರಹಾರದ ಅಮ್ಮಂದಿರ ಜೊತೆ ಚೌಕಾಸಿ, ಪಕ್ಕದ ಸೊಪ್ಪಿನವರ ಜೊತೆ ಜಗಳ, ಜಗಳ ಮುಗಿದ ಮೇಲೆ ಒಂದೇ ವೀಳ್ಯದೆಲೆ ಹರಿದು ಇಬ್ಬರೂ ಹಾಕಿಕೊಳ್ಳುವುದು. ಒಬ್ಬಳೇ ಮಗಳನ್ನು ಚಾಮರಾಜನಗರಕ್ಕೆ ಕೊಟ್ಟಾಗಿತ್ತು. ಇನ್ನು ಮನೆಯಲ್ಲಿ ಕೂತು ಮಾಡುವುದೇನು ಎನ್ನುತ್ತಿದ್ದಳು.

ಮಳೆಗಾಲದ ಒಂದು ಬೆಳಗ್ಗೆ ಬೀದಿ ನಲ್ಲಿಯಿಂದ ಕೊಡ ತುಂಬಿಕೊಂಡು ಹತ್ತುವಾಗ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿತು. ಕೊಡದ ಸಮೇತ ಅಂಗಳಕ್ಕೆ ಬಿದ್ದಳು. ಸೊಂಟದ ಬುಡದಲ್ಲಿ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ಮೂಳೆಯೇನೋ ಕೂಡಿತು, ಆದರೆ ಕಾಲು ಗಿಡ್ಡವಾಯಿತು, ಸೊಂಟ ಬಗ್ಗದಾಯಿತು. ಸಮನೆಲದ ಮೇಲೆ ಕೋಲೂರಿಕೊಂಡು ಓಡಾಡಬಲ್ಲಳು. ಮೆಟ್ಟಿಲು ಮಾತ್ರ ಆಗದ ಮಾತು.

ಅಲ್ಲಿಂದ ಶುರುವಾಯಿತು ಸೆರೆವಾಸ. ಮನೆಗಿದ್ದದ್ದು ಒಂದೇ ಬಾಗಿಲು, ಬಾಗಿಲ ಮುಂದೆ ಜಗಲಿ, ಜಗಲಿಗೆ ಆ ಮೆಟ್ಟಿಲು. ಬಚ್ಚಲೂ ಕಕ್ಕಸೂ ಕೆಳಗೆ ಅಂಗಳದ ಮೂಲೆಯಲ್ಲಿದ್ದವು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಜವರಯ್ಯ ಜಗಲಿಯಂಚಿಗೆ ಬೆನ್ನು ಕೊಟ್ಟು ನಿಲ್ಲುವನು, ಅವಳು ಕೊರಳಿಗೆ ತೋಳು ಹಾಕುವಳು, ಅವನು ಇಳಿಸಿ ಮತ್ತೆ ಹತ್ತಿಸುವನು. ಮಧ್ಯಾಹ್ನ ಎಲ್ಲಿದ್ದರೂ ಸೈಕಲ್ ತುಳಿದುಕೊಂಡು ಬಂದು ಇನ್ನೊಂದು ಸಲ, ಸಂಜೆ ಮತ್ತೊಂದು ಸಲ. ಒಮ್ಮೆಯೂ ಮುಖ ಸಿಂಡರಿಸಿದವನಲ್ಲ, ಆ ಮಾತು ಹೇಳಲೇಬೇಕು. ಬೀದಿಯ ಹೆಂಗಸರೆಲ್ಲ ಅವನನ್ನು ತೋರಿಸಿ ತಮ್ಮ ಗಂಡಂದಿರಿಗೆ ಛೀಮಾರಿ ಹಾಕುತ್ತಿದ್ದರು.

“ಪುಣ್ಯವಂತೆ ಕಣಕ್ಕ ನೀನು. ನಮ್ಮನೆಯವ್ನು ನಾನು ಸತ್ರೂ ಹೊರಕ್ಕಿಲ್ಲ” ಎಂದಳು ಎದುರು ಮನೆಯ ನೀಲಮ್ಮ.

ಪುಣ್ಯವಂತೆ ಮಾತ್ರ ಕಕ್ಕಸಿಗೆ ಇಳಿಯಬೇಕಾದೀತೆಂದು ಹೊತ್ತು ಹುಟ್ಟಿದಾಗಿನಿಂದ ನೀರು ಕುಡಿಯುತ್ತಿರಲಿಲ್ಲ. ಬಾಯಿ ಒಣಗಿದರೆ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಳ್ಳುವಳು. ಮಜ್ಜಿಗೆ ಬಿಟ್ಟಳು, ತಿಳಿಸಾರು ಬಿಟ್ಟಳು, ಗಟ್ಟಿ ಮುದ್ದೆಯನ್ನು ಗಂಟಲಲ್ಲಿ ತುರುಕಿಕೊಳ್ಳುವಳು. ದಿನವೆಲ್ಲ ಕಂಬಕ್ಕೊರಗಿ ಜಗಲಿಯ ಮೇಲೆ ಕೂತು ಹೋಗಿಬರುವವರ ನೆತ್ತಿ ನೋಡುವುದು. ಸೊಪ್ಪಿನವಳೊಬ್ಬಳು ಕೂಗಿಕೊಂಡು ಹೋದರೆ ಎದ್ದು ಒಳಗೆ ಹೋಗಿಬಿಡುವಳು. ಮೈಯಲ್ಲಿ ಇನ್ನೂ ಕಸುವಿತ್ತು, ಕೈ ಬೇಕಾದಷ್ಟು ಗಟ್ಟಿಯಿತ್ತು. ನಾಲ್ಕು ಮಾರು ದೂರದ ಬೀದಿ ಮಾತ್ರ ಅವಳ ಪಾಲಿಗೆ ಕಾಶಿಯಷ್ಟು ದೂರವಾಗಿತ್ತು.

ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟಳು.

“ಮೆಟ್ಲು ಪಕ್ಕಕ್ಕೆ ಒಂದು ಇಳಿಜಾರು ಮಾಡ್ಕೊಡು. ಹಿಡ್ಕಳಕ್ಕೆ ಒಂದು ಪೈಪು ನೆಟ್ರೆ ಸಾಕು, ನಾನೇ ಇಳ್ಕೋತೀನಿ.”

ಜವರಯ್ಯ ತುತ್ತನ್ನು ತಟ್ಟೆಗೆ ಬಿಟ್ಟ. “ಅಷ್ಟೆತ್ರದಿಂದ ಇಳಿಜಾರು ಇಳಿಸ್ಬೇಕಾದ್ರೆ ಅರ್ಧ ಜಗಲೀನೇ ಕೆಡವ್ಬೇಕಾಯ್ತದೆ ಕಣಮ್ಮಿ.”

“ಕೆಡವು.”

ಅವನು ಮೆಲ್ಲಗೆ ಹೇಳಿದ: “ನಾನೇನು ಸತ್ತೋಗಿದ್ದೀನಾ? ಹೊತ್ಕೊಂಡೋಗಕ್ಕೆ ನಾನಿಲ್ವಾ?”

ಇದಕ್ಕಿಂತ ಅಕ್ಕರೆಯ ಮಾತು ಇನ್ನೊಂದಿಲ್ಲ. ಬಾಯಿ ಮುಚ್ಚಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೆನ್ನು ಕೊಟ್ಟು ನಿಂತವನಿಗೆ ನಿನ್ನ ಬೆನ್ನು ಬೇಡ ಎನ್ನುವುದು ಹೇಗೆ? ದೇವಿರಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು.

ಹೀಗೇ ಎರಡು ಮಳೆಗಾಲ ಕಳೆದವು. ಆಮೇಲೆ ಸಿದ್ಧಾರ್ಥನಗರದ ಕಡೆ ಜವರಯ್ಯ ಕಟ್ಟುತ್ತಿದ್ದ ಮನೆಗೆ ತಾರಸಿ ಹಾಕುವ ದಿನ ಬಂತು. ಕಲಸಿದ ಸಿಮೆಂಟು ಯಾರ ಹೆಂಡತಿಗೂ ಕಾಯುವುದಿಲ್ಲ. ಮಧ್ಯಾಹ್ನ ಅವನು ಬರಲಿಲ್ಲ. ದೇವಿರಮ್ಮನಿಗೆ ಅವತ್ತು ಹೊಟ್ಟೆ ಬೇರೆ ಕೆಟ್ಟಿತ್ತು. ಹಲ್ಲು ಕಚ್ಚಿಕೊಂಡು ಬೀದಿಯ ತಿರುವನ್ನೇ ನೋಡುತ್ತಾ ಕೂತಳು. ನೀಲಮ್ಮ ಓಡಿಬಂದು ಎತ್ತಲು ನೋಡಿದಳು, ಆಗಲಿಲ್ಲ. ಪಕ್ಕದ ಮನೆಯ ಗಂಡಸರನ್ನು ಕರೆಯಲೇ ಎಂದಾಗ ದೇವಿರಮ್ಮ ಅವಳ ಸೆರಗು ಹಿಡಿದುಕೊಂಡು ಬೇಡ ಬೇಡ ಎಂದಳು. ಪರಗಂಡಸರ ಕೊರಳಿಗೆ ತೋಳು ಹಾಕುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು. ಕೊನೆಗೆ ಆಗಬಾರದ್ದು ಅಲ್ಲೇ ಹೊಸ್ತಿಲ ಮುಂದೆ ಆಗಿಹೋಯಿತು.

ನೀಲಮ್ಮ ನೀರು ಹೊಯ್ದು ತೊಳೆದಳು, ಸೀರೆ ಬದಲಾಯಿಸಿದಳು. ದೇವಿರಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸೊಪ್ಪಿನ ಪೇಟೆಯಲ್ಲಿ ಎಂಥೆಂಥವರ ಬಾಯಿಗೂ ಹೆದರದಿದ್ದ ಹೆಂಗಸು ಎಳೆಮಗುವಿನಂತೆ ಬಿಕ್ಕಿದಳು. ಕಾಲು ಮುರಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

“ನಮ್ಮನೆಯವ್ನಿಗೆ ಹೇಳ್ಬ್ಯಾಡ” ಎಂದಳು.

ಮರುದಿನ ಬೆಳಗ್ಗೆ ಜವರಯ್ಯ ಎಂದಿನಂತೆ ಇಳಿಸಿ ಹತ್ತಿಸಿ ಕೆಲಸಕ್ಕೆ ಹೋದ. ಅವನ ಸೈಕಲ್ ಬೀದಿಯ ತಿರುವು ದಾಟಿದ್ದೇ ತಡ, ದೇವಿರಮ್ಮ ಮೂಲೆಯಲ್ಲಿದ್ದ ಹಳೆಯ ಸುತ್ತಿಗೆ ಉಳಿ ತೆಗೆದುಕೊಂಡು ಜಗಲಿಯ ಅಂಚಿಗೆ ಬಂದು ಕೂತಳು. ಮುರಿದ ಕಾಲನ್ನು ಉದ್ದಕ್ಕೆ ಚಾಚಿಕೊಂಡಳು. ಕೆಮ್ಮಣ್ಣಿನ ಪಟ್ಟೆಯ ಮೇಲೆ ಉಳಿ ಇಟ್ಟಳು. ಮಾವನ ತಲೆಯ ಮೇಲಿನ ಮಣ್ಣಿನ ಕತೆ ಅವಳಿಗೆ ಗೊತ್ತಿಲ್ಲದ್ದೇ? ತಾನು ಮಾಡಹೊರಟಿರುವುದೂ ಅದೇ ಕೆಲಸವಲ್ಲವೇ? ಆದರೂ ಹೊಡೆದಳು.

ಜವರಯ್ಯನ ಗಾರೆ ಸುಲಭಕ್ಕೆ ಬಿಡುವಂಥದ್ದಲ್ಲ. ಮಧ್ಯಾಹ್ನದವರೆಗೆ ಬಡಿದರೂ ಬಿಟ್ಟುಬಂದದ್ದು ಅಂಚಿನ ಒಂದು ಸಾಲು ಇಟ್ಟಿಗೆ ಮಾತ್ರ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಸದ್ದು ಕೇಳಿ ಬಂದ ಬೀದಿಯವರು ದೂರದಲ್ಲೇ ನಿಂತರು. ಬಿಡಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಊಟದ ಹೊತ್ತಿಗೆ ಬಂದ ಜವರಯ್ಯ ಸೈಕಲ್ಲಿನಿಂದ ಇಳಿಯಲಿಲ್ಲ, ಬಿದ್ದ ಎಂದೇ ಹೇಳಬೇಕು. ಅಂಗಳದ ತುಂಬ ಇಟ್ಟಿಗೆ ಚೂರು. ಅವನ ಮುಖ ಸುಣ್ಣವಾಯಿತು.

“ನೀನೇನಾ ಒಡ್ದದ್ದು?” ಎಂದ.

“ನಾನೇಯ.”

“ನಮ್ಮಪ್ಪಂದನ್ನ ಅವ್ರು ಒಡೆದ್ರು. ನಂದನ್ನ ನೀನು ಒಡ್ದೆ.”

ದೇವಿರಮ್ಮ ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. “ಅವ್ರು ಒಡ್ದದ್ದು ನಿಮ್ಮಪ್ಪ ಮೇಲೆ ಕೂತ್ಕಬಾರ್ದು ಅಂತ. ನಾನು ಕೂತೂ ಕೂತೂ ಸಾಕಾಗೋಯ್ತು. ನನ್ನ ಕೆಳಗಿಳಿಯಕ್ಕೆ ಬುಡು.” ಆಮೇಲೆ ಹಿಂದಿನ ದಿನ ಆದದ್ದನ್ನು ಹೇಳಿದಳು. ಬೀದಿಯವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದೂ ದನಿ ತಗ್ಗಿಸಲಿಲ್ಲ. ಕುಡಿಯದೆ ಬಿಟ್ಟ ನೀರಿನ ವಿಷಯವನ್ನೂ ಹೇಳಿದಳು. ಜವರಯ್ಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆ ಚೂರೊಂದನ್ನು ಕೈಯಲ್ಲಿ ತಿರುಗಿಸುತ್ತಿದ್ದ. ದಿನಾ ಬೆನ್ನ ಮೇಲೆ ಹೊತ್ತವಳ ಬಾಯಿ ಒಣಗಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಮಧ್ಯಾಹ್ನದ ಕೆಲಸಕ್ಕೆ ಅವನು ಹೋಗಲಿಲ್ಲ.

ಅರ್ಧ ಜಗಲಿ ಕೆಡವಿದ್ದು ಅವನೇ. ಉಳಿದರ್ಧ ಎದೆಮಟ್ಟಕ್ಕೇ ನಿಂತಿತು, ಅದನ್ನು ಮುಟ್ಟಲು ದೇವಿರಮ್ಮನೇ ಬಿಡಲಿಲ್ಲ. ಕೆಡವಿದ ಕಡೆಯಿಂದ ಗೋಡೆಯುದ್ದಕ್ಕೂ ಹೋಗಿ ಅಂಗಳದ ತುದಿಯಲ್ಲಿ ತಿರುಗಿ ಬರುವ ಇಳಿಜಾರು ಕಟ್ಟಿದ. ಕಾಲು ಜಾರದಂತೆ ಹಸಿ ಗಾರೆಯ ಮೇಲೆ ಹಗ್ಗ ಒತ್ತಿ ಗೆರೆ ಮೂಡಿಸಿದ. ಎರಡು ಕಡೆಯೂ ನಲ್ಲಿಯ ಪೈಪು, ಅವಳ ಕೈ ಎತ್ತರ ನೋಡಿಯೇ ಹೂತದ್ದು. ಕಕ್ಕಸಿನ ಗೋಡೆಗೂ ಒಂದು ಹಿಡಿ, ಕೂರಲು ನಡುವೆ ತೂತಿಟ್ಟ ಮರದ ಮಣೆ. ಗಾರೆ ಒಣಗುವವರೆಗೆ ಮೊದಲಿನಂತೆ ಹೊತ್ತ.

ಗಾರೆ ಒಣಗಿದ ಮೇಲೂ ಒಂದು ವಾರ ಅವಳ ಹಿಂದೆ ಹಿಂದೆಯೇ ಕೈ ಚಾಚಿಕೊಂಡು ಇಳಿಯುತ್ತಿದ್ದ. ಬೀಳ್ತೀಯ, ನಿಧಾನ, ಅಲ್ಲಿ ಹಿಡ್ಕೊ, ಎಂದು ಒಂದೇ ಸಮನೆ ಗೊಣಗುತ್ತಿದ್ದ. ಆ ಗೊಣಗಾಟ ಕೇಳಲಾರದೆ ಬೀದಿಯ ನಾಯಿ ಕೂಡ ಎದ್ದು ಹೋಗುತ್ತಿತ್ತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಅವನು ಮಧ್ಯಾಹ್ನ ಬಂದಾಗ ಬಾಗಿಲಿಗೆ ಚಿಲಕ ಹಾಕಿತ್ತು. ಕೋಲೂ ಇಲ್ಲ, ಹೆಂಡತಿಯೂ ಇಲ್ಲ. ಕಕ್ಕಸು ನೋಡಿದ, ನಲ್ಲಿಯ ಹತ್ತಿರ ನೋಡಿದ. ನೀಲಮ್ಮನಿಗೂ ಗೊತ್ತಿರಲಿಲ್ಲ. ಅಶೋಕಪುರಂನ ಬೀದಿ ಬೀದಿಯನ್ನೂ ಸೈಕಲ್ಲಿನಲ್ಲಿ ಸುತ್ತಿದ. ಹೊತ್ತು ಇಳಿಯುತ್ತಾ ಬಂದಹಾಗೆ ಬಾವಿಗಳಲ್ಲೂ ಇಣುಕಿದ. ಕೊನೆಗೆ ಕಾಲು ಸೋತು ಬಂದು ಇಳಿಜಾರಿನ ಬುಡದಲ್ಲಿ ಕೂತ.

ಬೀದಿ ದೀಪ ಹತ್ತುವ ಹೊತ್ತಿಗೆ ಜಟಕಾ ಒಂದು ಬಂದು ನಿಂತಿತು. ಗಾಡಿಯವನ ಭುಜ ಹಿಡಿದು ಇಳಿದವಳು ದೇವಿರಮ್ಮ. ಬಾಯಿ ಎಲೆಯಡಿಕೆಯಿಂದ ಕೆಂಪಾಗಿತ್ತು, ಸೆರಗಿನಲ್ಲಿ ದಂಟಿನ ಸೊಪ್ಪಿನ ಒಂದು ಕಟ್ಟಿತ್ತು. ಜವರಯ್ಯನಿಗೆ ಎದ್ದು ನಿಲ್ಲುವಷ್ಟರಲ್ಲಿ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಒಂದು ಮಾತು ಹೇಳಿ ಹೋಗ್ಬಾರ್ದಾ? ಮಾರ್ಕೆಟ್ಗೆ ಹೋಗ್ತೀನಿ ಅಂದಿದ್ರೆ ನಾನೇನು ಬ್ಯಾಡ ಅಂತಿದ್ನಾ?”

“ಹೇಳ್ದೆ ಹೋಗಣ ಅಂತಲೇ ಹೋದೆ ಕಣಪ್ಪ” ಎಂದಳು ದೇವಿರಮ್ಮ. ದನಿಯಲ್ಲಿ ಕೋಪವಿರಲಿಲ್ಲ. “ಎರಡು ವರ್ಷದಿಂದ ಒಂದಕ್ಕೆ ಹೋಗಕ್ಕೂ ನಿಂಗೆ ಹೇಳ್ಕೊಂಡು ಹೋಗಿದ್ದೀನಿ.”

ಹಿಡಿದುಕೊಳ್ಳಲೆಂದು ಅವನ ಕೈ ತಾನಾಗಿಯೇ ಮುಂದೆ ಬಂದಿತ್ತು. ಅವಳು ಪೈಪಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಜವರಯ್ಯ ಕೈ ಹಿಂದಕ್ಕೆ ತೆಗೆದುಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ನಿಂತ.