ಶೌಕತ ಅಲಿ ಗುರುಗಳ ಎರಡನೆಯ ದನಿ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕಳೆದ ಮೂರು ದಶಕಗಳಲ್ಲಿ ಕನ್ನಡ ಕಲಿಸಿದವರನ್ನು ನೆನೆಯುವಾಗ, ಈ ಭಾಗದ ಶಿಕ್ಷಕರ ನಾಲಿಗೆಗೆ ಮೊದಲು ಬರುವ ಹೆಸರು ಜನಾಬ್ ಶೌಕತ ಅಲಿಯವರದು. ಹಳಗನ್ನಡದ ಪದ್ಯವನ್ನು ಅವರು ಓದಿದರೆ ಸಾಕು, ಅರ್ಥ ಹೇಳುವ ಮೊದಲೇ ಮಕ್ಕಳಿಗೆ ಅರ್ಧ ಅರ್ಥವಾಗಿರುತ್ತಿತ್ತು. ಅಂಥ ಕಂಠವನ್ನು ಕಳೆದುಕೊಂಡು, ಕಳೆದುಕೊಂಡ ಮೇಲೂ ಹಲವು ವರ್ಷ ಪಾಠ ಮಾಡಿ, ಅವರು ಈ ವರ್ಷ ಸೇವಾನಿವೃತ್ತರಾಗಿದ್ದಾರೆ. ಮಳಖೇಡದಲ್ಲಿ ಅವರ ಪಕ್ಕದ ಕೋಣೆಯಲ್ಲಿ ಗಣಿತ ಕಲಿಸುತ್ತ ಬಹುಕಾಲ ಕಳೆದ ನನಗೆ, ಈ ಅಭಿನಂದನ ಸಂಪುಟದಲ್ಲಿ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದನ್ನು ಭಾಗ್ಯವೆಂದೇ ತಿಳಿಯುತ್ತೇನೆ.

ಚಿತ್ತಾಪುರದ ದರ್ಜಿ ಮನೆತನದಲ್ಲಿ ಹುಟ್ಟಿ, ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ ಆಡುತ್ತ ಬೆಳೆದ ಅವರಿಗೆ ಮೊದಲ ನೇಮಕಾತಿ ಸಿಕ್ಕದ್ದು ಕುಂಚಾವರಂ ಕಾಡಿನ ಅಂಚಿನ ಒಂದು ಶಾಲೆಗೆ. ಅಲ್ಲಿಯ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ಅವರು ಮೊದಲು ತಾವು ತೆಲುಗು ಕಲಿತು, ಆಮೇಲೆ ಮಕ್ಕಳಿಗೆ ಕನ್ನಡ ಕಲಿಸಿದರು.

ಮಳಖೇಡಕ್ಕೆ ವರ್ಗವಾಗಿ ಬಂದ ಮೇಲೆ ಅವರು ನನಗೆ ಮಾಡಿದ ಉಪಕಾರವೊಂದನ್ನು ಇಲ್ಲಿ ಹೇಳಲೇಬೇಕು. ನನ್ನ ತಾಯಿ ಹಾಸಿಗೆ ಹಿಡಿದ ವರ್ಷ ನಾನು ಮೇಲಿಂದ ಮೇಲೆ ರಜೆ ಹಾಕಬೇಕಾಯಿತು. ಹತ್ತನೆಯ ತರಗತಿಯ ಪಾಠ ನಿಲ್ಲಬಾರದೆಂದು ಶೌಕತ ಅಲಿಯವರು ಸಂಜೆ ಸೇಡಂನ ನನ್ನ ಮನೆಗೆ ಬಂದು, ತಮಗೆ ಮರೆತೇ ಹೋಗಿದ್ದ ರೇಖಾಗಣಿತವನ್ನು ನನ್ನಿಂದ ಹೇಳಿಸಿಕೊಂಡು, ಮರುದಿನ ಅದನ್ನೇ ಕಲಿಸುತ್ತಿದ್ದರು. ತಾಯಿಯನ್ನು ಒರಗಿಸಿ ಕೂಡಿಸಿ ನಾವು ಲಿಂಗಪೂಜೆ ಮಾಡಿಸುವಾಗ ಅವರು ಪಡಸಾಲೆಯಲ್ಲಿ ಸದ್ದಿಲ್ಲದೆ ಕಾಯುತ್ತಿದ್ದರು. ಇವರು ಬಂದರೆ ಮನೆ ತಣ್ಣಗಾಗುತ್ತದೆ ಎಂದು ತಾಯಿ ಹೇಳುತ್ತಿದ್ದಳು.

ಇಂಥವರ ಕೊರಳು ಎಂಟು ಒಂಬತ್ತು ವರ್ಷಗಳ ಹಿಂದೆ ಒಡೆಯತೊಡಗಿತು. ಹಲಗೆಗೆ ಬರೆಯುವ ಸುಣ್ಣದ ಕಡ್ಡಿಯ ಪುಡಿ ಗಂಟಲಲ್ಲಿ ಕೂತಿರಬೇಕೆಂದು ಮೊದಮೊದಲು ನಾವೆಲ್ಲ ನಕ್ಕೆವು. ಹೈದರಾಬಾದಿನ ವೈದ್ಯರು ಪರೀಕ್ಷೆ ಮಾಡಿ, ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆಯೆಂದೂ, ಅದನ್ನು ಪೂರ್ತಿ ತೆಗೆಯದಿದ್ದರೆ ಜೀವ ಉಳಿಯದೆಂದೂ, ತೆಗೆದ ಮೇಲೆ ಕೊರಳಿನಲ್ಲಿ ಮಾಡಿದ ರಂಧ್ರದಿಂದಲೇ ಉಸಿರಾಡಬೇಕೆಂದೂ ಹೇಳಿದರು.

ಶಸ್ತ್ರಚಿಕಿತ್ಸೆಗೆ ಹೊರಟಾಗ ಅವರ ಮತ್ತು ಪತ್ನಿ ಹಮೀದಾಬೇಗಂ ಅವರ ಜೊತೆ ನಾನೂ ಇದ್ದೆ. ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ನನ್ನಿಂದ ತಡೆಯಲಾಗಲಿಲ್ಲ. ಯಾರಿಗೂ ಕೇಡು ಬಯಸದ ನಿಮಗೇ ದೇವರು ಹೀಗೇಕೆ ಮಾಡಿದ ಎಂದು ಕೇಳಿದೆ. ಒಡೆದ ದನಿಯಲ್ಲಿಯೇ ಅವರು ಹೇಳಿದರು:

“ಯಾಕ ಮಾಡ್ಯಾನ ನನಗ ಗೊತ್ತಿಲ್ರಿ, ಮಡಿವಾಳಯ್ಯನವರ. ಆದ್ರ ಕುಂಚಾವರಂಕ ಹೋದಾಗ ಅಲ್ಲಿ ನನಗ ಯಾರೂ ಗುರ್ತಿದ್ದಿಲ್ಲ, ಅವರ ಮಾತೂ ಬರ್ತಿದ್ದಿಲ್ಲ. ಆಗ ಜೋಡಿ ಇದ್ದಂವ ಈಗ ಎಲ್ಲಿ ಹೋಗ್ತಾನ್ರಿ?”

ಆ ಕೊರಳಿನಿಂದ ನಾನು ಕೇಳಿದ ಕೊನೆಯ ದೊಡ್ಡ ಮಾತು ಅದು.

ಆದರೆ ವಾಡಿಯಲ್ಲಿ ಆಡಿದ ಆ ಮಾತಿನಂತೆ, ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿ ಬಂದ ಮೇಲೆ, ಬದುಕುವುದು ಅವರಿಗೂ ಸುಲಭವಾಗಲಿಲ್ಲ. ಅಜಾನ್ ಕೊಡುವವರು ಊರಲ್ಲಿಲ್ಲದ ದಿನ ತಾವೇ ನಿಂತು ಕೊಡುತ್ತಿದ್ದವರು ಮಸೀದಿಯ ಕಡೆ ಹೋಗುವುದನ್ನೇ ಬಿಟ್ಟರು. ಬಾಯಿಯಿಂದ ಶಬ್ದವೇ ಹೊರಡದ ಮೇಲೆ ಎಂಥ ಪ್ರಾರ್ಥನೆ ಎಂಬ ಕೊರಗು ಅವರನ್ನು ತಿನ್ನುತ್ತಿತ್ತು. ನಾನು ಹೋದರೆ ಕೈ ಹಿಡಿದುಕೊಳ್ಳುವರು, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸುವರು.

ಒಂದು ರಜೆಯ ಮಧ್ಯಾಹ್ನ ಹಮೀದಾಬೇಗಂ ಅವರು ಚಹಾದ ಕಪ್ಪು ನನ್ನ ಮುಂದಿಟ್ಟು, ಪಕ್ಕದಲ್ಲಿದ್ದ ಪತಿಗೂ ಕೇಳಲೆಂದೋ ಏನೋ, ತುಸು ಗಟ್ಟಿಯಾಗಿಯೇ ಹೇಳಿದರು:

“ನೀವರ ಹೇಳ್ರಿ ಸರ್ ಇವರಿಗಿ. ಮಾತು ಬರಲಾರದ ಕೂಸು ಅತ್ರ ಅದರ ತಾಯಿಗಿ ತಿಳೀತದ. ಇವರ ಸಂಕಟ ಅಲ್ಲಾಗ ತಿಳ್ಯಂಗಿಲ್ಲೇನು? ಅಂವ ಇವರ ದನಿ ಕೇಳ್ಲಿಕ್ಕಷ್ಟೇ ಕುಂತಿದ್ನೇನು?”

ಶೌಕತ ಅಲಿಯವರು ಅತ್ತರು. ಸದ್ದಿಲ್ಲದ ಆ ಅಳುವಿನಲ್ಲಿ ಭುಜಗಳು ಮಾತ್ರ ಅಲುಗುತ್ತಿದ್ದವು. ಬಹಳ ಹೊತ್ತಿನ ಮೇಲೆ ಎದ್ದು ಬಚ್ಚಲಿಗೆ ಹೋದರು. ಕೊರಳಿನ ರಂಧ್ರಕ್ಕೆ ನೀರು ಇಳಿಯಬಾರದೆಂದು ಹಮೀದಾಬೇಗಂ ಅವರು ದಸ್ತಿ ಬಟ್ಟೆ ಸುತ್ತಿ ಹಿಡಿದು ನಿಂತರು. ಕೈಕಾಲು ಮುಖ ತೊಳೆದು ಬಂದು ಅವರು ಅದೇ ಕೋಣೆಯಲ್ಲಿ ಚಾಪೆ ಹಾಸಿ ನಮಾಜಿಗೆ ನಿಂತರು. ತುಟಿಗಳಷ್ಟೇ ಆಡುತ್ತಿದ್ದವು. ಅವರು ಮುಗಿಸುವವರೆಗೂ ನಾನು ಅಲ್ಲಿಯೇ ಕಣ್ಣು ಮುಚ್ಚಿ ಕುಳಿತಿದ್ದೆ.

ಇನ್ನು ಶಾಲೆಯ ಪ್ರಶ್ನೆ ಉಳಿದಿತ್ತು. ಕಚೇರಿ ಕೆಲಸಕ್ಕೆ ಬದಲಾಯಿಸಿಕೊಳ್ಳುವುದು ಇಲ್ಲವೇ ಸ್ವಯಂನಿವೃತ್ತಿ ಪಡೆಯುವುದು ಒಳ್ಳೆಯದೆಂದು ಹಿತೈಷಿಗಳು ಹೇಳುತ್ತಿದ್ದರು. ಶೌಕತ ಅಲಿಯವರು ಅರ್ಜಿಯನ್ನೂ ಬರೆದು ತಂದಿದ್ದರು. ಮುಖ್ಯೋಪಾಧ್ಯಾಯಿನಿ ವಿಮಲಾಬಾಯಿಯವರು ಅದನ್ನು ಮುಟ್ಟಲಿಲ್ಲ. “ಮೊದಲ ಎಂಟನೇ ಕ್ಲಾಸಿಗಿ ಹೋಗಿ ಬರ್ರಿ ಸರ್” ಎಂದಷ್ಟೇ ಹೇಳಿದರು.

ಶೌಕತ ಅಲಿಯವರು ತರಗತಿಯ ಬಾಗಿಲಲ್ಲಿ ತುಸು ನಿಂತು ಒಳಗೆ ಹೋದದ್ದನ್ನು ಹೊರಗಿನ ವರಾಂಡದಿಂದ ಕಂಡೆ. ಮಕ್ಕಳ ನಮಸ್ಕಾರಕ್ಕೆ ಕೈ ಜೋಡಿಸಿ, ಹಲಗೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಪದ್ಯವೊಂದನ್ನು ಬರೆದು, ಭಾಗ್ಯಶ್ರೀ ಎಂಬ ಹುಡುಗಿಗೆ ಓದುವಂತೆ ಸನ್ನೆ ಮಾಡಿದರು. ಆಕೆ ತಪ್ಪಿದಳು. ಅವರು ಕಿವಿಗೆ ಕೈ ಇಟ್ಟು ಇನ್ನೊಮ್ಮೆ ಕೇಳಿಸು ಎಂದು ಸೂಚಿಸಿದರು. ಮತ್ತೊಬ್ಬ ತಿದ್ದಿದ, ಮೂರನೆಯವನು ಅದನ್ನೂ ಒಪ್ಪಲಿಲ್ಲ, ಗಂಟೆ ಬಾರಿಸುವ ಹೊತ್ತಿಗೆ ಇಡೀ ತರಗತಿ ಒಂದು ಪದದ ಅರ್ಥಕ್ಕಾಗಿ ವಾದಿಸುತ್ತಿತ್ತು. ಮೊದಲು ಅವರ ದನಿಗೆ ಮರುಳಾಗಿ ಸುಮ್ಮನಿರುತ್ತಿದ್ದ ಮಕ್ಕಳು ಅಂದಿನಿಂದ ತಾವೇ ಓದಿದರು, ತಾವೇ ವಿವರಿಸಿದರು. ಅರ್ಜಿ ಕಳಿಸುವ ಮಾತು ಮತ್ತೆ ಬರಲಿಲ್ಲ.

ಅದೇ ವರ್ಷ ಅವರು, ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ಹೊರಬಿಟ್ಟು ಶಬ್ದ ಹೊರಡಿಸುವ ವಿಧಾನವನ್ನು ಆಸ್ಪತ್ರೆಯಲ್ಲಿ ಕಲಿತು, ಕಾಗಿಣಾ ಹೊಳೆಯ ದಂಡೆಯಲ್ಲಿ ಒಬ್ಬರೇ ಕುಳಿತು ಅಭ್ಯಾಸ ಮಾಡಿದರು. ಎಷ್ಟೋ ತಿಂಗಳು ತೇಗಿನ ಸದ್ದಿನ ಹೊರತು ಏನೂ ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ತರಗತಿಯಲ್ಲಿ ಎದ್ದು ನಿಂತ ಮಕ್ಕಳಿಗೆ, ಕಲ್ಲು ಉಜ್ಜಿದಂಥ ದನಿಯಲ್ಲಿ, “ಕುಂದ್ರಿ” ಎಂದರು. ಮಕ್ಕಳು ಕುಳಿತರು. ಯಾರೂ ನಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಶಹಾಬಾದಿನಿಂದ ಜಬೀನಾ ಎಂಬ ಹೆಣ್ಣುಮಗಳು ಅವರನ್ನು ಹುಡುಕಿಕೊಂಡು ಬಂದರು. ಆಕೆಯ ತಂದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೆಲಸ ಮಾಡುವ ಬಾಬುಮಿಯಾ ಅವರಿಗೂ ಅದೇ ಕಾಯಿಲೆ. ಮೂಕನಾಗಿ ಬಾಳುವುದಕ್ಕಿಂತ ಹೀಗೆಯೇ ಸಾಯುತ್ತೇನೆಂದು ಅವರು ಹಟ ಹಿಡಿದಿದ್ದರು. ನಾವಿಬ್ಬರೂ ಹೋದೆವು. ಶೌಕತ ಅಲಿಯವರು ಉಪದೇಶಕ್ಕೆ ತೊಡಗಲಿಲ್ಲ. ಕೊರಳಿನ ವಸ್ತ್ರ ಬಿಚ್ಚಿ, ಬಾಬುಮಿಯಾ ಅವರ ಅಂಗೈಯನ್ನು ಆ ರಂಧ್ರದ ಮುಂದೆ ಹಿಡಿದು ತಮ್ಮ ಉಸಿರು ತಾಗಿಸಿದರು. ಆಮೇಲೆ ತಡೆತಡೆದು ಹೇಳಿದರು:

“ನನಗೂ ಹೆದರಿಕಿ ಭಾಳ ಆಗಿತ್ರಿ. ಅಲ್ಲಾ ಬಿಟ್ಟು ಹೋದ ಅಂತನೂ ಅನಿಸಿತ್ತು. ಅಂವ ಹೋಗಿದ್ದಿಲ್ಲ. ನಾನೇ ಮುಖ ತಿರುವಿ ಮಲಗಿದ್ದೆ.”

ಬಾಬುಮಿಯಾ ಬಹಳ ಹೊತ್ತು ಕೈ ಹಿಂತೆಗೆಯಲಿಲ್ಲ. ಆಮೇಲೆ ಕೇಳಿದರು: “ಆಪರೇಷನ್ ದಿನ ನೀವು ಬರ್ತೀರೇನ್ರಿ?”

ಶೌಕತ ಅಲಿಯವರು ಹೋದರು. ಈಗ ವಾರವಾರ ಶಹಾಬಾದಿಗೆ ಹೋಗಿ ಅವರಿಗೆ ಮಾತು ಕಲಿಸುತ್ತಿದ್ದಾರೆ. ನಮ್ಮ ಶಿವನೂ ಅವರ ಅಲ್ಲಾಹನೂ ಶೌಕತ ಅಲಿ ಗುರುಗಳಿಗೆ, ಅವರ ಬೆನ್ನಿಗೆ ನಿಂತ ಹಮೀದಾಬೇಗಂ ಅವರಿಗೆ, ತುಂಬು ಆಯುಷ್ಯವನ್ನೂ ಇಂಥ ಮನೆಗಳಿಗೆ ನಡೆದು ಹೋಗುವ ಕಸುವನ್ನೂ ಕೊಡಲೆಂದು ಬೇಡುತ್ತೇನೆ. ಈ ಲೇಖನ ಮುಗಿಸುವ ಹೊತ್ತಿಗೆ ಶಹಾಬಾದಿನಿಂದ ಸುದ್ದಿ ಬಂದಿದೆ. ಬಾಬುಮಿಯಾ ಮೊನ್ನೆ ಮಗಳನ್ನು ಹೆಸರು ಹಿಡಿದು ಕರೆದರಂತೆ. ಒಳಗೆ ರೊಟ್ಟಿ ಮಾಡುತ್ತಿದ್ದ ಜಬೀನಾ, ಯಾರು ಕರೆದರೆಂದು ಯೋಚಿಸದೆ, “ಬಂದೆ ಅಬ್ಬಾ” ಎಂದು ಎದ್ದು ಬಂದರಂತೆ.

— ಮಡಿವಾಳಯ್ಯ, ನಿವೃತ್ತ ಗಣಿತ ಶಿಕ್ಷಕ, ಸೇಡಂ