ವೆರ್ನಾಳ ಕಂಪ್ಯೂಟರಿನ ಬಾಗಿಲು

ಹ್ಯಾನ್‌ಕಾಕ್ ಊರಿನ ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಮೇಜು ಗುರುವಾರ ಮಧ್ಯಾಹ್ನದ ಮಟ್ಟಿಗೆ ಒನ್ನಿ ಕೆಂಪೈನೆನ್‌ನದು. ‘ಕೆಟ್ಟ ಕಂಪ್ಯೂಟರ್ ತನ್ನಿ, ದುಡ್ಡು ಬೇಡ’ ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿಕೊಂಡು ಕೂರುತ್ತಿದ್ದ. ಮೂವತ್ತು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು. ಅದರಲ್ಲಿ ಎರಡನೆಯ ಸೀಟಿಗೆ ಕೆಲಸವೇ ಇರಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂದಿತ್ತು, ಬಂದ ಹಾಗೇ ಹೋಗಿತ್ತು. ಈಗ ವಯಸ್ಸು ಅರವತ್ತೊಂಬತ್ತು.

ಒಂದು ಕಾಲಕ್ಕೆ ಅವನಿಗೂ ಒಂದು ಕೂಟವಿತ್ತು. ಕಂಪ್ಯೂಟರ್ ನಡೆಸಲು ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಬೇಕೆನ್ನುವ ಎಂಟು ಜನ ಹುಚ್ಚಿನವರು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ, ಕಾಫಿ ಕುಡಿದು, ಒಬ್ಬರ ಕಂಪ್ಯೂಟರ್ ಡಬ್ಬಿ ಒಬ್ಬರು ಬಿಚ್ಚುತ್ತಿದ್ದರು. ಅವರಲ್ಲಿ ಸುಲೋ ಪೆಲ್ಕೋಲಾ ಒನ್ನಿಗೆ ಹತ್ತಿರದವನು. ಹತ್ತಿರ ಅಂದರೆ, ಇಬ್ಬರೂ ಒಂದು ಗಂಟೆ ಮಾತಿಲ್ಲದೆ ಕೂತರೂ ಬೇಸರ ಬಾರದಷ್ಟು. ಒಂಬತ್ತು ವರ್ಷದ ಹಿಂದೆ ಅವರಿಬ್ಬರೂ ಸೇರಿ ವೆರ್ನಾ ಲಾಹ್ತಿಯ ಕಂಪ್ಯೂಟರಿಗೆ ವಿಂಡೋಸ್ ಜೊತೆ ಲಿನಕ್ಸನ್ನೂ ಹಾಕಿಕೊಟ್ಟರು. ಅಣ್ಣತಮ್ಮಂದಿರು ಪಾಲಾಗಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಅಂಥ ಮನೆಯ ಬಾಗಿಲಲ್ಲಿ ಒಬ್ಬ ಕಾವಲಿನವ ಬೇಕು. ಬಂದವರನ್ನು ‘ಯಾರ ಮನೆಗೆ?’ ಎಂದು ಕೇಳಿ ಒಳಗೆ ಬಿಡಬೇಕು. ಬೂಟ್‌ಲೋಡರ್ ಅಂದರೆ ಅವನೇ. ಕೂಟದವರು ಅವನನ್ನು ಬಾಗಿಲವ ಎನ್ನುತ್ತಿದ್ದರು.

ಹಾಕಿದ ವಾರದೊಳಗೆ ವೆರ್ನಾಳ ಬಾಗಿಲವ ಕಾಣೆಯಾದ. ಕಂಪ್ಯೂಟರು ಏನೂ ಕೇಳದೆ ನೇರ ವಿಂಡೋಸಿಗೆ ಹೋಯಿತು. ಒನ್ನಿ ಕೂಟದವರೆಲ್ಲರ ಮುಂದೆ, ‘ಡಿಸ್ಕಿನಲ್ಲಿ ಜಾಗ ಮಾಡಿದ್ದು ಸುಲೋ. ಅವನ ಒರಟು ಕೈಯೇ ಕೆಡಿಸಿದ್ದು’ ಅಂದುಬಿಟ್ಟ. ಸುಲೋ ಕಾಫಿ ಲೋಟ ತೊಳೆದಿಟ್ಟು ಹೊರಟವನು ಮತ್ತೆ ಬರಲಿಲ್ಲ. ಎರಡೇ ದಿನಕ್ಕೆ ವೆರ್ನಾಳ ಕಂಪ್ಯೂಟರು ತಾನಾಗಿ ಸರಿಹೋಯಿತಂತೆ, ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ಕೂಟ ಕರಗಿತು. ಆ ಮೇಲೆ ಗುರುವಾರ ಗುರುವಾರ ಒನ್ನಿ ಆ ಮೇಜಿನ ಹಿಂದೆ ಕೂತು ಬಾಗಿಲು ನೋಡುತ್ತಿದ್ದ. ಸುಲೋ ಒಂದು ದಿನ ಬಂದಾನು, ‘ತಪ್ಪು ನನ್ನದೇ ಕಣೋ’ ಅಂದಾನು, ತಾನು ‘ಹೋಗಲಿ ಬಿಡೋ’ ಅಂದೇನು ಎಂದು. ಒಂಬತ್ತು ವರ್ಷವೂ ಇದೇ.

ಮಾರ್ಚ್ ತಿಂಗಳ ಒಂದು ಗುರುವಾರ ಬಂದವಳು ವೆರ್ನಾ. ಎಂಬತ್ತರ ಮುದುಕಿ, ಬಟ್ಟೆ ಬುಟ್ಟಿಯಲ್ಲಿ ಕಂಪ್ಯೂಟರ್ ಇಟ್ಟು, ಮೇಲೆ ಟವಲು ಹೊದಿಸಿಕೊಂಡು ಬಂದಿದ್ದಳು.

“ಏನಪ್ಪಾ ಒನ್ನಿ, ಇನ್ನೂ ಬದುಕಿದ್ದೀಯಾ?”

“ಗೊತ್ತಿಲ್ಲ ವೆರ್ನಾ, ಯಾರೂ ನೋಡಿ ಹೇಳಿಲ್ಲ. ಏನಾಯ್ತು ಇದಕ್ಕೆ?”

“ವಿಂಡೋಸು ಬರುತ್ತೆ. ನಾನು ನೇಯೋ ಚಾಪೆ ನಮೂನೆ ಎಲ್ಲ ಇನ್ನೊಂದರಲ್ಲಿ ಇದಾವೆ, ಅದು ಬರಲ್ಲ. ಮಗ್ಗದ ಮೇಲೆ ಅರ್ಧ ಚಾಪೆ ನಿಂತಿದೆ.”

ಒನ್ನಿ ಅವಸರ ಮಾಡುವವನಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಆದದ್ದನ್ನು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಮುಂದಿನದು. ಕಂಪ್ಯೂಟರು ಹಚ್ಚಿದ. ನೇರ ವಿಂಡೋಸು. ಬರೆದ. ಡಿಸ್ಕಿನ ಪಾಲು ನೋಡಿದ. ಎರಡೂ ಒಲೆ ಇದ್ದ ಜಾಗದಲ್ಲೇ ಇದ್ದವು, ನಡುವಿನ ಗೋಡೆ ಒಂದು ಕೂದಲಷ್ಟೂ ಜರುಗಿರಲಿಲ್ಲ. ಅದನ್ನೂ ಬರೆದ. ಸುಲೋ ಮಾಡಿದ ಪಾಲು ಅಷ್ಟು ನೇರವಾಗಿತ್ತು. ಪೆನ್ಸಿಲು ಅಲ್ಲೇ ನಿಂತಿತು.

“ವೆರ್ನಾ, ಹೊಸದಾಗಿ ಏನಾದ್ರೂ ಮಾಡಿದ್ರಾ?”

“ಏನೂ ಇಲ್ಲ. ನೆಲ ಗುಡಿಸೋವಾಗ ಹಿಂದಿನ ಆ ಪುಟ್ಟ ಕಡ್ಡಿ ಪರದೆಗೆ ಸಿಕ್ಕಾಕೊಳ್ತಿತ್ತು, ಕಿತ್ತಿಟ್ಟೆ.”

“ಯಾವ ಕಡ್ಡಿ?”

“ನೀನೇ ಚುಚ್ಚಿ ಹೋಗಿದ್ದಲ್ಲ! ಕಂಪ್ಯೂಟರಿನದೇ ಅಂದ್ಕೊಂಡಿದ್ದೆ. ಮೊದಲ ವಾರನೂ ಒಮ್ಮೆ ಬಿದ್ದುಹೋಗಿತ್ತು, ಮತ್ತೆ ಸಿಕ್ಕಿಸಿದ್ದೆ.” ಅವಳು ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದಳು. ಅದಕ್ಕೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಅಕ್ಷರ ಒನ್ನಿಯದೇ, ಲಿನಕ್ಸ್ ಹಾಕಲೆಂದು ಅವನೇ ಅಂದು ತಂದದ್ದು.

ಅವನು ಅದನ್ನು ಸಿಕ್ಕಿಸಿ ಮತ್ತೆ ಹಚ್ಚಿದ. ಕಪ್ಪು ತೆರೆಯ ಮೇಲೆ ಎರಡು ಹೆಸರು ಬಂದವು. ಯಾರ ಮನೆಗೆ ಎಂದು ಬಾಗಿಲವ ಕೇಳುತ್ತಿದ್ದ.

ಒನ್ನಿಗೆ ಆ ದಿನ ನೆನಪಾಯಿತು. ಜಾಗ ಮಾಡಿದ್ದು ಸುಲೋ. ಆದರೆ ಬಾಗಿಲವನನ್ನು ಯಾವ ಡಿಸ್ಕಿನಲ್ಲಿ ಕೂರಿಸಲಿ ಎಂದು ಕಂಪ್ಯೂಟರು ಕೇಳಿದಾಗ ಗುಂಡಿ ಒತ್ತಿದ್ದು ತಾನು. ಸುಲೋ ಪಕ್ಕದಿಂದ ‘ಯಾವುದು ಅಂತ ನೋಡೋ’ ಅಂದಿದ್ದ. ತಾನು ‘ನಂಗೇ ಹೇಳಿಕೊಡ್ತೀಯಾ?’ ಎಂದು ನೋಡದೆ ಒತ್ತಿದ್ದ. ಮನೆ ಇಲ್ಲಿ, ಕಾವಲಿನವ ಪೆನ್‌ಡ್ರೈವಿನಲ್ಲಿ. ಅದು ಬಿದ್ದ ವಾರ ಬಾಗಿಲವ ಕಾಣೆ, ಮತ್ತೆ ಸಿಕ್ಕಿಸಿದಾಗ ಹಾಜರು.

ಸರಿಮಾಡಲು ಬೇಕಾದದ್ದು ಒಂದು ಸಾಲಿನ ಆದೇಶ. ಲಿನಕ್ಸಿಗೆ ಹೋಗಿ ಬಾಗಿಲವನನ್ನು ಒಳಗಿನ ಡಿಸ್ಕಿಗೆ ಕರೆತಂದ. ಪೆನ್‌ಡ್ರೈವ್ ಕಿತ್ತು, ಆರಿಸಿ, ಹಚ್ಚಿದ. ಎರಡೂ ಹೆಸರು ಬಂದವು. ವೆರ್ನಾಳ ನಮೂನೆಗಳು ಬಣ್ಣಬಣ್ಣವಾಗಿ ತೆರೆದುಕೊಂಡವು.

“ಅಬ್ಬಾ! ಅಂತೂ ಆ ಸುಲೋ ಕೆಡಿಸಿದ್ದು ಸರಿಹೋಯ್ತು,” ಅಂದಳು ವೆರ್ನಾ. “ಕಾಫಿಗೆ ಕೂತಾಗ ನಾನೂ ಎಲ್ಲರಿಗೂ ಹೇಳಿದ್ದೇ ಹೇಳಿದ್ದು, ಅವನ ಕೈಗೆ ಏನೂ ಕೊಡಬೇಡಿ ಅಂತ.”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಸುಮ್ಮನಿದ್ದರೂ ಮುಗಿಯುತ್ತಿತ್ತು, ಸುಮ್ಮನಿರುವುದು ಆ ಊರಿನಲ್ಲಿ ಕಷ್ಟದ ಕೆಲಸವಲ್ಲ. ಒನ್ನಿ ವಯರನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಸುಲೋ ಅಲ್ಲ. ಕೆಡಿಸಿದ್ದು ನಾನು.”

“ಹಾಗಾದ್ರೆ ಒಂಬತ್ತು ವರ್ಷ ಅವನನ್ನ ದೂರಿದ್ದು?”

“ಒಂಬತ್ತು ವರ್ಷನೂ ತಪ್ಪು ನನ್ನದೇ.”

ವೆರ್ನಾ ಟವಲು ಹೊದಿಸುತ್ತಾ ಅಂದಳು: “ನನಗೆ ಹೇಳಿ ಏನು ಬಂತು? ನನಗೆ ಚಾಪೆ ಸಿಕ್ತು.”

ಅವಳ ಬುಟ್ಟಿಯನ್ನು ಕಾರಿಗೆ ಮುಟ್ಟಿಸಿ, ಒನ್ನಿ ಸುಲೋನ ಮನೆಯಿದ್ದ ತೋಯ್ವೋಲಾ ಕಡೆಯ ರಸ್ತೆ ಹಿಡಿದ. ಸುಲೋ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಬೆನ್ನು ಬಾಗಿತ್ತು. ಕಾರು ನೋಡಿಯೂ ಕೊಡಲಿ ನಿಲ್ಲಿಸಲಿಲ್ಲ.

“ದಾರಿ ತಪ್ಪಿದ್ಯಾ?”

“ಇಲ್ಲ. ವೆರ್ನಾ ಕಂಪ್ಯೂಟರು ನೋಡಿದೆ. ಬಾಗಿಲವ ಪೆನ್‌ಡ್ರೈವಲ್ಲಿದ್ದ. ಕೂರಿಸಿದ್ದು ನಾನು.”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ನೀನು ಒತ್ತಿದಾಗಿಂದ. ಪಕ್ಕದಲ್ಲೇ ಇದ್ನಲ್ಲ.”

“ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?”

ಸುಲೋ ಒಂದು ತುಂಡು ಸೀಳಿದ. “ಯಾರು ಕೇಳಿದ್ರು?”

ಒನ್ನಿ ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ, ಈಗ ಅದು ಎಲ್ಲೋ ಬಿದ್ದುಹೋಗಿತ್ತು. “ತಪ್ಪಾಯ್ತು ಕಣೋ,” ಎಂದಷ್ಟೇ ಅಂದ.

ಸುಲೋ ಸೌದೆ ಆಯ್ದು ತೋಳಿಗೆ ಪೇರಿಸಿಕೊಂಡ. ಹತ್ತಿರದವರು ಒಟ್ಟಿಗೆ ಬಿಸಿ ಹಬೆಯಲ್ಲಿ ಕೂತು ಮೀಯುವ ಕೋಣೆಯಾದ ಸೌನಾದ ಬಾಗಿಲತನಕ ಹೋಗಿ, ತಿರುಗದೆ, “ನಾನು ಕಾಯಿಸೋದು ಶನಿವಾರ. ನಾಲ್ಕಕ್ಕೆ,” ಅಂದ. ಬಾಗಿಲು ಹಾಕಿಕೊಂಡ.

ಬಾ ಎಂದನೋ, ಇವತ್ತು ಹೋಗು ಎಂದನೋ. ಒನ್ನಿ ಕಾರಿನಲ್ಲಿ ಕೂತು ಆ ಮಾತನ್ನು ಎರಡು ಕಡೆಯಿಂದಲೂ ತಿರುಗಿಸಿ ನೋಡಿದ. ಮನೆಗೆ ಹೋಗಿ ಒಂದು ಒಗೆದ ಟವಲು ಹುಡುಕಿ ಕಾರಿನ ಖಾಲಿ ಸೀಟಿನ ಮೇಲಿಟ್ಟ. ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು.